ಮನೆ ಯಾರದು, ದುಡಿಮೆ ಯಾರದು, ಹೆಸರು ಯಾರದು?
ಇಂಗ್ಲೆಂಡಿನ ಲೇಖಕಿಯರ ಕಾದಂಬರಿಗಳು ಇಂದಿಗೂ ಏಕೆ ಬದುಕಿವೆ

ಇಂಗ್ಲಿಷ್ ಸಾಹಿತ್ಯದ ಅಲ್ಪಸ್ವಲ್ಪ ಪರಿಚಯ ಇರುವ ಯಾರನ್ನು ಕೇಳಿದರೂ ಜೇನ್ ಆಸ್ಟಿನ್, ಬ್ರಾಂಟೆ ಸಹೋದರಿಯರು, ಜಾರ್ಜ್ ಎಲಿಯಟ್ ಎಂಬ ಹೆಸರುಗಳನ್ನು ಹೇಳುತ್ತಾರೆ. ಆಸ್ಟಿನ್ ಹುಟ್ಟಿ 2025ಕ್ಕೆ 250 ವರ್ಷಗಳು ತುಂಬಿದವು. ಶಾರ್ಲೆಟ್ ಬ್ರಾಂಟೆಯ 'ಜೇನ್ ಐರ್' ಪ್ರಕಟವಾದದ್ದು 1847ರಲ್ಲಿ. ಆ ಕಾಲದಲ್ಲಿ ಕೈಯಿಂದ ಕೈಗೆ ಓಡಾಡಿದ ನೂರಾರು ಕಾದಂಬರಿಗಳ ಹೆಸರು ಕೂಡ ಇಂದು ಯಾರಿಗೂ ನೆನಪಿಲ್ಲ. ಆದರೆ ಈ ಕೆಲವು ಹೆಂಗಸರ ಪುಸ್ತಕಗಳು ಮಾತ್ರ ಮತ್ತೆ ಮತ್ತೆ ಅಚ್ಚಾಗುತ್ತಲೇ ಇವೆ. ಚಲನಚಿತ್ರಗಳಾಗುತ್ತವೆ, ಧಾರಾವಾಹಿಗಳಾಗುತ್ತವೆ. ದಿಲೀಪ್ ಕುಮಾರ್ ಮತ್ತು ಮಧುಬಾಲಾ ನಟಿಸಿದ 1952ರ 'ಸಂಗ್‌ದಿಲ್' ಚಿತ್ರ 'ಜೇನ್ ಐರ್'ನಿಂದ ಬಂದದ್ದು ಎಂಬುದು ನಮ್ಮ ಹಿರಿಯರಲ್ಲಿ ಹಲವರಿಗೆ ಗೊತ್ತಿರಲಿಕ್ಕಿಲ್ಲ. 2000ದಲ್ಲಿ ತೆರೆಕಂಡ ತಮಿಳಿನ 'ಕಂಡುಕೊಂಡೇನ್ ಕಂಡುಕೊಂಡೇನ್' ಆಸ್ಟಿನ್ನರ 'ಸೆನ್ಸ್ ಅಂಡ್ ಸೆನ್ಸಿಬಿಲಿಟಿ'ಯ ಕಥೆಯೇ.

ಏನಿದೆ ಈ ಪುಸ್ತಕಗಳಲ್ಲಿ? ಸಾಮಾನ್ಯವಾಗಿ ಸಿಗುವ ಉತ್ತರ, ಅವು ಒಳ್ಳೆಯ ಪ್ರೇಮಕಥೆಗಳು ಎಂಬುದು. ಈ ಉತ್ತರದಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಪ್ರೇಮಕಥೆಗಳಿಗೆ ಜಗತ್ತಿನಲ್ಲಿ ಎಂದೂ ಬರವಿರಲಿಲ್ಲ. ಈ ಕಾದಂಬರಿಗಳನ್ನು ಗಮನವಿಟ್ಟು ಓದಿದರೆ ಪುಟ ಪುಟದಲ್ಲೂ ಲೆಕ್ಕಾಚಾರ ಕಾಣುತ್ತದೆ. ಯಾರಿಗೆ ವರ್ಷಕ್ಕೆ ಎಷ್ಟು ಪೌಂಡ್ ವರಮಾನ, ತಂದೆ ಸತ್ತರೆ ಮನೆ ಯಾರಿಗೆ ಹೋಗುತ್ತದೆ, ಮನೆಪಾಠ ಹೇಳುವ ಹುಡುಗಿಗೆ ಎಷ್ಟು ಸಂಬಳ ಎಂಬುದನ್ನೆಲ್ಲ ಈ ಲೇಖಕಿಯರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಮನೆ, ದುಡಿಮೆ ಮತ್ತು ಹೆಸರು, ಈ ಮೂರೂ ಹೆಣ್ಣಿಗೆ ಸೇರಿದ್ದಲ್ಲ ಎಂದು ಕಾನೂನೇ ಹೇಳುತ್ತಿದ್ದ ನಾಡಿನಲ್ಲಿ ಕುಳಿತು ಅವರು ಬರೆದರು. ಅವರ ಬರಹದ ಆಯುಸ್ಸಿನ ಗುಟ್ಟು ಅಲ್ಲಿದೆ ಎಂದು ನಮಗೆ ಅನ್ನಿಸುತ್ತದೆ.

ಗಂಡನ ನೆರಳಿನಲ್ಲಿ ಮರೆಯಾದ ಹೆಂಡತಿ

ಮೊದಲು ಆ ಕಾನೂನನ್ನು ತಿಳಿಯಬೇಕು. 1765ರಿಂದ 1769ರ ನಡುವೆ ವಿಲಿಯಂ ಬ್ಲ್ಯಾಕ್‌ಸ್ಟನ್ ಎಂಬ ನ್ಯಾಯಶಾಸ್ತ್ರಜ್ಞ ಇಂಗ್ಲೆಂಡಿನ ಕಾನೂನುಗಳ ಕುರಿತು ನಾಲ್ಕು ಸಂಪುಟಗಳನ್ನು ಪ್ರಕಟಿಸಿದ. ಮದುವೆಯಾದೊಡನೆ ಗಂಡ ಹೆಂಡತಿ ಕಾನೂನಿನ ದೃಷ್ಟಿಯಲ್ಲಿ ಒಬ್ಬನೇ ವ್ಯಕ್ತಿ ಎಂದು ಅದರಲ್ಲಿ ವಿವರಿಸಿದ. ಆ ಒಬ್ಬ ವ್ಯಕ್ತಿ ಗಂಡನೇ ಎಂದು ಬೇರೆ ಹೇಳಬೇಕಾಗಿಲ್ಲ. ಹೆಂಡತಿ ಅವನ ಹೊದಿಕೆಯ ಒಳಗೆ ಇರುತ್ತಾಳೆ ಎಂಬ ಅರ್ಥದಲ್ಲಿ ಈ ವ್ಯವಸ್ಥೆಗೆ 'ಕವರ್ಚರ್' ಎಂಬ ಹೆಸರಿತ್ತು.

ಇದರ ಪರಿಣಾಮ ಕಾಗದಕ್ಕಷ್ಟೇ ಸೀಮಿತವಾಗಿರಲಿಲ್ಲ. ಹುಡುಗಿ ತವರಿನಿಂದ ತಂದ ಹಣ, ಒಡವೆ, ಪೀಠೋಪಕರಣ ಎಲ್ಲವೂ ಗಂಡನ ಸ್ವತ್ತಾಗುತ್ತಿತ್ತು. ಅವಳ ಹೆಸರಿನ ಜಮೀನಿನ ಆದಾಯ ಅವನ ಕೈಸೇರುತ್ತಿತ್ತು. ಮದುವೆಯ ನಂತರ ಅವಳು ದುಡಿದ ಕೂಲಿಯೂ ಅವನದೇ. ತನ್ನ ಹೆಸರಿನಲ್ಲಿ ಕರಾರು ಮಾಡುವಂತಿಲ್ಲ, ದಾವೆ ಹೂಡುವಂತಿಲ್ಲ, ಗಂಡನ ಒಪ್ಪಿಗೆಯಿಲ್ಲದೆ ಉಯಿಲು ಬರೆಯುವಂತಿಲ್ಲ. ಶ್ರೀಮಂತರು ಟ್ರಸ್ಟ್ ಪತ್ರಗಳ ಮೂಲಕ ತಮ್ಮ ಹೆಣ್ಣುಮಕ್ಕಳ ಆಸ್ತಿಯನ್ನು ಸ್ವಲ್ಪಮಟ್ಟಿಗೆ ರಕ್ಷಿಸಿಕೊಳ್ಳುತ್ತಿದ್ದರು. ಬಡವರಿಗೆ ಮತ್ತು ಮಧ್ಯಮ ವರ್ಗದವರಿಗೆ ವಕೀಲರ ಶುಲ್ಕ ತೆರುವ ಆ ದಾರಿಯೂ ದೂರವೇ ಇತ್ತು. ವಿಚಿತ್ರವೆಂದರೆ ಮದುವೆಯಾಗದ ಹೆಣ್ಣಿಗೆ ಈ ಹಕ್ಕುಗಳಿದ್ದವು. ಆದರೆ ತಂದೆಯ ಭೂಮಿ ಹಿರಿಯ ಮಗನಿಗೆ ಹೋಗುತ್ತಿದ್ದುದರಿಂದ ಅವಳ ಕೈಯಲ್ಲಿ ಚಲಾಯಿಸಲು ಆಸ್ತಿಯೇ ಇರುತ್ತಿರಲಿಲ್ಲ.

ಮನೆಯಿಲ್ಲದ ಹೆಣ್ಣುಮಕ್ಕಳು

ಜೇನ್ ಆಸ್ಟಿನ್ 1775ರ ಡಿಸೆಂಬರ್ 16ರಂದು ಹ್ಯಾಂಪ್‌ಶೈರ್ ಪ್ರಾಂತದ ಸ್ಟೀವೆಂಟನ್ ಎಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆ ಪಾದ್ರಿ. ಆಕೆ ಬರೆದ ಒಂದು ಕಾದಂಬರಿಯನ್ನು 1797ರಲ್ಲಿ ತಂದೆಯೇ ಲಂಡನ್ನಿನ ಪ್ರಕಾಶಕರೊಬ್ಬರಿಗೆ ಸೂಚಿಸಿ ಪತ್ರ ಬರೆದರು. ಪ್ರಕಾಶಕರು ಹಸ್ತಪ್ರತಿಯನ್ನು ನೋಡುವ ಗೋಜಿಗೂ ಹೋಗದೆ ಬೇಡವೆಂದರು. ಅದೇ ಮುಂದೆ 'ಪ್ರೈಡ್ ಅಂಡ್ ಪ್ರಿಜುಡೀಸ್' ಆಗಿ 1813ರಲ್ಲಿ ಹೊರಬಂತು. 1803ರಲ್ಲಿ ಇನ್ನೊಂದು ಕಾದಂಬರಿಯನ್ನು ಹತ್ತು ಪೌಂಡಿಗೆ ಮಾರಿದರು. ಕೊಂಡವರು ಅದನ್ನು ಅಚ್ಚು ಮಾಡಲೇ ಇಲ್ಲ. ಬೇಕಾದರೆ ಅದೇ ಹತ್ತು ಪೌಂಡ್ ಕೊಟ್ಟು ವಾಪಸು ಪಡೆಯಿರಿ ಎಂದರು. ಹಿಂದಕ್ಕೆ ಪಡೆಯಲು ಸಾಧ್ಯವಾದದ್ದು 1816ರಲ್ಲಿ.

1802ರ ಡಿಸೆಂಬರಿನಲ್ಲಿ ಆಕೆಗೆ ದೊಡ್ಡ ಜಮೀನುದಾರಿ ಮನೆತನದ ವಾರಸುದಾರನಿಂದ ಮದುವೆಯ ಪ್ರಸ್ತಾಪ ಬಂತು. ಸಂಜೆ ಒಪ್ಪಿದರು, ಬೆಳಗಾಗುವಷ್ಟರಲ್ಲಿ ಮನಸ್ಸು ಬದಲಿಸಿ ಬೇಡವೆಂದರು. ಆಗ ಆಕೆಗೆ 27 ವರ್ಷ ತುಂಬುವುದರಲ್ಲಿತ್ತು. ಒಪ್ಪಿದ್ದರೆ ತಾಯಿಗೂ ಅಕ್ಕ ಕಸಾಂಡ್ರಾಳಿಗೂ ಬದುಕಿನ ಚಿಂತೆ ಇರುತ್ತಿರಲಿಲ್ಲ. 1805ರಲ್ಲಿ ತಂದೆ ತೀರಿಕೊಂಡ ಮೇಲೆ ಈ ಮೂವರು ಹೆಂಗಸರು ಅಣ್ಣತಮ್ಮಂದಿರು ಕೊಟ್ಟದ್ದರಲ್ಲಿ ಊರಿಂದ ಊರಿಗೆ ಅಲೆದರು. 1809ರಲ್ಲಿ ಶ್ರೀಮಂತ ಸಂಬಂಧಿಕರಿಗೆ ದತ್ತುಹೋಗಿದ್ದ ಸಹೋದರ ಎಡ್ವರ್ಡ್ ಚಾಟನ್ ಹಳ್ಳಿಯಲ್ಲಿ ಒಂದು ಮನೆ ಬಿಟ್ಟುಕೊಟ್ಟ. ಆ ಮನೆಯ ಪುಟ್ಟ ಮೇಜಿನ ಮೇಲೆ ಆಕೆಯ ಕಾದಂಬರಿಗಳೆಲ್ಲ ಅಂತಿಮ ರೂಪ ಪಡೆದವು.

ಈ ಹಿನ್ನೆಲೆ ತಿಳಿದ ಮೇಲೆ 'ಪ್ರೈಡ್ ಅಂಡ್ ಪ್ರಿಜುಡೀಸ್' ಬೇರೆಯೇ ಆಗಿ ಕಾಣುತ್ತದೆ. ಬೆನೆಟ್ ದಂಪತಿಗೆ ಐವರು ಹೆಣ್ಣುಮಕ್ಕಳು. ವರ್ಷಕ್ಕೆ 2000 ಪೌಂಡ್ ತರುವ ಆಸ್ತಿ ಗಂಡು ವಾರಸುದಾರನಿಗೆ ಮಾತ್ರ ಸಲ್ಲಬೇಕೆಂಬ ಹಳೆಯ ಕಟ್ಟಳೆಯಿಂದಾಗಿ ಅದು ಕಾಲಿನ್ಸ್ ಎಂಬ ದೂರದ ನೆಂಟನಿಗೆ ಹೋಗುತ್ತದೆ. ಮಗಳನ್ನು ಮದುವೆ ಮಾಡಿಸಲು ಒದ್ದಾಡುವ ತಾಯಿಯನ್ನು ನೋಡಿ ಓದುಗರು ನಗುತ್ತಾರೆ. ಆದರೆ ಗಂಡ ಕಣ್ಣು ಮುಚ್ಚಿದ ದಿನ ತಾನೂ ಮಕ್ಕಳೂ ಬೀದಿಗೆ ಬೀಳುತ್ತೇವೆಂಬುದನ್ನು ಆ ಮನೆಯಲ್ಲಿ ಗಟ್ಟಿಯಾಗಿ ಹೇಳುವವಳು ಅವಳೊಬ್ಬಳೇ! 27 ವರ್ಷದ ಷಾರ್ಲೆಟ್ ಲೂಕಾಸ್ ಪ್ರೀತಿಯಿಲ್ಲದೆ ಕಾಲಿನ್ಸ್‌ನನ್ನು ಮದುವೆಯಾಗುತ್ತಾಳೆ. ಆಸ್ಟಿನ್ ಅವಳನ್ನು ಕೆಟ್ಟವಳೆಂದು ಚಿತ್ರಿಸುವುದಿಲ್ಲ. ಅವಳಿಗೆ ಬೇಕಾದದ್ದು ತಲೆಯ ಮೇಲೊಂದು ಸೂರು.

1811ರಲ್ಲಿ ಆಸ್ಟಿನ್ನರ ಮೊದಲ ಕಾದಂಬರಿ ಬಂದಾಗ ಮುಖಪುಟದಲ್ಲಿ ಹೆಸರಿರಲಿಲ್ಲ. 'ಒಬ್ಬ ಮಹಿಳೆ' ಬರೆದದ್ದು ಎಂದಷ್ಟೇ ಇತ್ತು. 1817ರಲ್ಲಿ 41ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ವಿಂಚೆಸ್ಟರ್ ಕೆಥೆಡ್ರಲ್‌ನಲ್ಲಿ ಆಕೆಯ ಗುಣಗಳನ್ನು ಹೊಗಳುವ ಕಲ್ಲು ಹಾಕಿದರು. ಆಕೆ ಪುಸ್ತಕ ಬರೆಯುತ್ತಿದ್ದರು ಎಂಬ ಮಾತು ಆ ಕಲ್ಲಿನಲ್ಲಿಲ್ಲ. ಸರಿಯಾಗಿ 200 ವರ್ಷಗಳ ನಂತರ, 2017ರಲ್ಲಿ, ಬ್ರಿಟನ್ನಿನ ಹತ್ತು ಪೌಂಡ್ ನೋಟಿನ ಮೇಲೆ ಆಕೆಯ ಚಿತ್ರ ಬಂತು. ಹತ್ತು ಪೌಂಡಿಗೆ ಮಾರಿದ ಪುಸ್ತಕದ ಕಥೆ ಬಲ್ಲವರಿಗೆ ಇದರಲ್ಲಿ ಸಣ್ಣದೊಂದು ನ್ಯಾಯ ಕಂಡೀತು.

ದುಡಿಯುವ ಕೈಗಳು, ಗಂಡಸಿನ ಹೆಸರುಗಳು

ಯಾರ್ಕ್‌ಶೈರಿನ ಹಾವರ್ತ್ ಎಂಬ ಊರಿನ ಪಾದ್ರಿ ಪ್ಯಾಟ್ರಿಕ್ ಬ್ರಾಂಟೆಯ ಮಕ್ಕಳದು ಇನ್ನೂ ಕಷ್ಟದ ಬದುಕು. 1821ರಲ್ಲಿ ತಾಯಿ ಸತ್ತರು. 1825ರಲ್ಲಿ ವಸತಿ ಶಾಲೆಯಲ್ಲಿ ಕಾಯಿಲೆ ಬಿದ್ದ ಇಬ್ಬರು ಅಕ್ಕಂದಿರು ಕ್ಷಯದಿಂದ ತೀರಿಕೊಂಡರು. ಉಳಿದ ಶಾರ್ಲೆಟ್, ಎಮಿಲಿ, ಆನ್ ಓದಿದ ಹುಡುಗಿಯರು. ಓದಿದ ಬಡ ಹುಡುಗಿಗೆ ಅಂದು ಇದ್ದ ಮರ್ಯಾದೆಯ ಕೆಲಸ ಒಂದೇ, ಶಾಲೆಯಲ್ಲೋ ಶ್ರೀಮಂತರ ಮನೆಯಲ್ಲೋ ಮಕ್ಕಳಿಗೆ ಪಾಠ ಹೇಳುವುದು. 1841ರಲ್ಲಿ ಶಾರ್ಲೆಟ್‌ಗೆ ಅಂಥ ಮನೆಯೊಂದರಲ್ಲಿ ವರ್ಷಕ್ಕೆ 20 ಪೌಂಡ್ ಸಂಬಳವಿತ್ತು. ಬಟ್ಟೆ ಒಗೆಸುವ ವೆಚ್ಚವನ್ನೂ ಅದರಲ್ಲೇ ಮುರಿದುಕೊಳ್ಳುತ್ತಿದ್ದರು.

ಶಾರ್ಲೆಟ್ ತಮ್ಮ ಕವಿತೆಗಳನ್ನು ಅಂದಿನ ಆಸ್ಥಾನ ಕವಿ ರಾಬರ್ಟ್ ಸೌದಿಗೆ ಕಳುಹಿಸಿದಾಗ, ಸಾಹಿತ್ಯ ಹೆಣ್ಣಿನ ಬದುಕಿನ ಕಸುಬಾಗಲಾರದು, ಆಗಲೂಬಾರದು ಎಂಬರ್ಥದ ಉತ್ತರ 1837ರಲ್ಲಿ ಬಂತು. 1846ರಲ್ಲಿ ಮೂವರು ಸಹೋದರಿಯರು ಗಂಡಸೋ ಹೆಂಗಸೋ ತಿಳಿಯದ ಕರರ್, ಎಲಿಸ್, ಆಕ್ಟನ್ ಬೆಲ್ ಎಂಬ ಹೆಸರುಗಳಲ್ಲಿ ಸ್ವಂತ ಖರ್ಚಿನಲ್ಲಿ ಕವನ ಸಂಕಲನ ತಂದರು. ಮೊದಲ ವರ್ಷ ಮಾರಾಟವಾದದ್ದು ಎರಡೇ ಪ್ರತಿ! ಆದರೆ 1847 ಮುಗಿಯುವ ಮುನ್ನ ಮೂವರ ಮೂರು ಕಾದಂಬರಿಗಳು ಅಚ್ಚಾಗಿ ಬಂದವು. ಶಾರ್ಲೆಟ್‌ರ 'ಜೇನ್ ಐರ್', ಎಮಿಲಿಯ 'ವುದರಿಂಗ್ ಹೈಟ್ಸ್', ಆನ್‌ರ 'ಆಗ್ನೆಸ್ ಗ್ರೇ'.

ಜೇನ್ ಐರ್ ರೂಪವತಿಯಲ್ಲ, ಹಣವಂತೆಯಲ್ಲ, ಅನಾಥೆ. ವರ್ಷಕ್ಕೆ 30 ಪೌಂಡಿಗೆ ಪಾಠ ಹೇಳುವವಳು. ಮನೆಯೊಡೆಯ ಪ್ರೀತಿಸುತ್ತಾನೆ, ಅವಳೂ ಪ್ರೀತಿಸುತ್ತಾಳೆ. ಅವನಿಗೆ ಹೆಂಡತಿ ಇದ್ದಾಳೆಂದು ತಿಳಿದ ರಾತ್ರಿ, ನೋಡುವವರು ಯಾರೂ ಇಲ್ಲದಿದ್ದರೂ, ತನ್ನ ಮರ್ಯಾದೆಯನ್ನು ತಾನೇ ಕಾಯಬೇಕೆಂದು ಬರಿಗೈಯಲ್ಲಿ ಹೊರಟುಬಿಡುತ್ತಾಳೆ. ಮತ್ತೆ ಬರುವುದು ಚಿಕ್ಕಪ್ಪನ 20,000 ಪೌಂಡ್ ಆಸ್ತಿ ಸಿಕ್ಕಿ, ಅದನ್ನು ಮೂವರು ಸೋದರ ಸಂಬಂಧಿಗಳೊಂದಿಗೆ ಸಮನಾಗಿ ಹಂಚಿಕೊಂಡ ಮೇಲೆ. ಪ್ರೀತಿಗಿಂತ ಮೊದಲು ನೈತಿಕತೆ, ಮದುವೆಗಿಂತ ಮೊದಲು ಸ್ವಂತದ ನೆಲೆ ಎಂಬ ಈ ಕ್ರಮ ಅಂದಿನ ವಿಮರ್ಶಕರನ್ನು ಕೆರಳಿಸಿತು. 1848ರಲ್ಲಿ ಪ್ರತಿಷ್ಠಿತ ಪತ್ರಿಕೆಯೊಂದರಲ್ಲಿ ಇದನ್ನು ಹೀನಾಯವಾಗಿ ಟೀಕಿಸಿದ ಎಲಿಜಬೆತ್ ರಿಗ್ಬಿ ಕೂಡ ಹೆಂಗಸೇ ಎಂಬುದನ್ನು ಮರೆಯುವಂತಿಲ್ಲ.

'ವುದರಿಂಗ್ ಹೈಟ್ಸ್' ಹುಚ್ಚು ಪ್ರೇಮದ ಕಥೆಯೆಂದೇ ಪ್ರಸಿದ್ಧ. ಆದರೆ ಅದರ ನಾಯಕ ಹೀತ್‌ಕ್ಲಿಫ್ ಸೇಡು ತೀರಿಸಿಕೊಳ್ಳುವುದು ಆಸ್ತಿ ಕಾನೂನಿನ ಮೂಲಕ. ಶತ್ರುವಿನ ಮಗಳನ್ನು ಕೂಡಿಹಾಕಿ, ಸಾಯುತ್ತಿರುವ ತನ್ನ ಮಗನಿಗೆ ಕಟ್ಟಿ, ಅವಳ ಸ್ವತ್ತನ್ನು ತನ್ನ ಕೈವಶ ಮಾಡಿಕೊಳ್ಳುತ್ತಾನೆ. 1926ರಲ್ಲಿ ಸಿ.ಪಿ. ಸ್ಯಾಂಗರ್ ಎಂಬ ವಕೀಲರು ಕಾದಂಬರಿಯ ಈ ವ್ಯವಹಾರಗಳನ್ನೆಲ್ಲ ಪರಿಶೀಲಿಸಿ, ಎಮಿಲಿಯ ಕಾನೂನು ಜ್ಞಾನ ಎಷ್ಟು ಖಚಿತವಾಗಿತ್ತೆಂದು ತೋರಿಸಿದರು. ಆನ್ ಬ್ರಾಂಟೆಯ 'ದ ಟೆನೆಂಟ್ ಆಫ್ ವೈಲ್ಡ್‌ಫೆಲ್ ಹಾಲ್' (1848) ಇನ್ನೂ ನೇರ. ಕುಡುಕ ಗಂಡನಿಂದ ಮಗನನ್ನು ಪಾರುಮಾಡಲು ಹೆಲೆನ್ ಮನೆ ಬಿಟ್ಟು, ಸುಳ್ಳು ಹೆಸರಿನಲ್ಲಿ ಚಿತ್ರ ಬರೆದು ಮಾರಿ ಬದುಕುತ್ತಾಳೆ. ಕಾನೂನಿನ ಪ್ರಕಾರ ಆ ಮಗನೂ ಗಂಡನವನು, ಆ ಚಿತ್ರದ ಹಣವೂ ಗಂಡನದು.

1848ರ ಸೆಪ್ಟೆಂಬರಿನಿಂದ 1849ರ ಮೇವರೆಗಿನ ಒಂಬತ್ತೇ ತಿಂಗಳಲ್ಲಿ ಸಹೋದರ ಬ್ರಾನ್‌ವೆಲ್, ಎಮಿಲಿ ಮತ್ತು ಆನ್ ಮೂವರೂ ತೀರಿಕೊಂಡರು. ಶಾರ್ಲೆಟ್ 1854ರಲ್ಲಿ ಮದುವೆಯಾದರು, ಮರುವರ್ಷ 38ನೆಯ ವಯಸ್ಸಿನಲ್ಲಿ ಆಕೆಯೂ ಹೋದರು.

ಚೆಕ್ ಸೇರಿದ್ದು ಗಂಡನ ಜೇಬಿಗೆ

ಶಾರ್ಲೆಟ್‌ರ ಜೀವನಚರಿತ್ರೆಯನ್ನು 1857ರಲ್ಲಿ ಬರೆದವರು ಗೆಳತಿ ಎಲಿಜಬೆತ್ ಗ್ಯಾಸ್ಕೆಲ್. ಮ್ಯಾಂಚೆಸ್ಟರಿನ ಪಾದ್ರಿಯ ಪತ್ನಿ, ನಾಲ್ವರು ಹೆಣ್ಣುಮಕ್ಕಳ ತಾಯಿ. ಹತ್ತಿ ಗಿರಣಿ ಕಾರ್ಮಿಕರ ಹಸಿವನ್ನು 'ಮೇರಿ ಬಾರ್ಟನ್' (1848) ಮತ್ತು 'ನಾರ್ತ್ ಅಂಡ್ ಸೌತ್'ನಲ್ಲಿ ತೋರಿಸಿದವರು. 1850ರಲ್ಲಿ ಚಾರ್ಲ್ಸ್ ಡಿಕನ್ಸ್ ತಮ್ಮ ಪತ್ರಿಕೆಗೆ ಆಕೆ ಬರೆದ ಕಥೆಗೆ 20 ಪೌಂಡ್ ಕಳುಹಿಸಿದರು. ಗಂಡ ಅದನ್ನು ನಿರಾಳವಾಗಿ ತನ್ನ ಜೇಬಿಗಿಳಿಸಿಕೊಂಡದ್ದನ್ನು ಆಕೆ ಗೆಳತಿಯೊಬ್ಬರಿಗೆ ಪತ್ರದಲ್ಲಿ ತಮಾಷೆಯಾಗಿ ತಿಳಿಸಿದ್ದಾರೆ. ಆತ ಕೆಟ್ಟ ಗಂಡನೇನೂ ಅಲ್ಲ. ಕಾನೂನು ಕೊಟ್ಟದ್ದನ್ನು ತೆಗೆದುಕೊಂಡ, ಅಷ್ಟೇ. ಒಳ್ಳೆಯ ಗಂಡ ಸಿಕ್ಕವಳಿಗೆ ಅದು ತಮಾಷೆ. ಕೆಟ್ಟವನು ಸಿಕ್ಕರೆ?

ಅದಕ್ಕೆ ಉತ್ತರ ಲೇಖಕಿ ಕೆರೊಲಿನ್ ನಾರ್ಟನ್ ಅವರ ಬದುಕಿನಲ್ಲಿದೆ. 1836ರಲ್ಲಿ ಗಂಡ ಆಕೆಯ ಮೇಲೆ ಸುಳ್ಳು ಆರೋಪ ಹೊರಿಸಿ ಮೊಕದ್ದಮೆ ಹೂಡಿದ, ಸೋತ. ಆದರೂ ಮೂವರು ಗಂಡುಮಕ್ಕಳನ್ನು ಆಕೆಯಿಂದ ಕಿತ್ತುಕೊಂಡ. ಆಕೆಯ ಬರವಣಿಗೆಯ ಹಣವೂ ತನ್ನದೆಂದ. ಆಕೆಯ ಹೋರಾಟದ ಫಲವಾಗಿ 1839ರ ಕಾಯ್ದೆ, ಏಳು ವರ್ಷದೊಳಗಿನ ಮಕ್ಕಳನ್ನು ಕೇಳಿ ತಾಯಿ ನ್ಯಾಯಾಲಯಕ್ಕೆ ಹೋಗಬಹುದೆಂದು ಒಪ್ಪಿತು. 1856ರಲ್ಲಿ ಬಾರ್ಬರಾ ಲೀ ಸ್ಮಿತ್ ನೇತೃತ್ವದಲ್ಲಿ ವಿವಾಹಿತೆಯರ ಆಸ್ತಿ ಹಕ್ಕಿಗಾಗಿ ಸುಮಾರು 26,000 ಸಹಿಗಳ ಮನವಿಗಳು ಸಂಸತ್ತಿಗೆ ಹೋದವು. ಸಹಿ ಹಾಕಿದವರಲ್ಲಿ ಗ್ಯಾಸ್ಕೆಲ್ ಇದ್ದರು, ಮುಂದೆ ಜಾರ್ಜ್ ಎಲಿಯಟ್ ಎಂದು ಹೆಸರಾದ ಮೇರಿ ಆನ್ ಇವಾನ್ಸ್ ಕೂಡ ಇದ್ದರು.

ಎಲಿಯಟ್ (1819-1880) ತಮ್ಮ 'ದ ಮಿಲ್ ಆನ್ ದ ಫ್ಲಾಸ್' (1860) ಕಾದಂಬರಿಯಲ್ಲಿ ಓದಿನಲ್ಲಿ ಚುರುಕಾದ ತಂಗಿಯನ್ನು ಬಿಟ್ಟು ದಡ್ಡ ಅಣ್ಣನಿಗೆ ಲ್ಯಾಟಿನ್ ಕಲಿಸುವ ಮನೆಯನ್ನು ಚಿತ್ರಿಸಿದರು. ಆ ಮನೆಯನ್ನು ನಮ್ಮ ಓದುಗರು ಎಲ್ಲೋ ನೋಡಿದ್ದೇವೆ ಎನ್ನದೆ ಇರಲಾರರು. 1871-72ರ 'ಮಿಡ್ಲ್‌ಮಾರ್ಚ್'ನಲ್ಲಿ ಸತ್ತ ಗಂಡ ಉಯಿಲಿನ ಮೂಲಕ ಡೊರೊಥಿಯಾಳ ಮರುಮದುವೆಯನ್ನು ತಡೆಯಲು ನೋಡುತ್ತಾನೆ. ಅವಳು ಆಸ್ತಿಯನ್ನೇ ಬಿಟ್ಟು ನಡೆಯುತ್ತಾಳೆ.

ಕಾನೂನು ಬದಲಾದದ್ದು ನಿಧಾನವಾಗಿ. 1870ರಲ್ಲಿ ಹೆಂಡತಿಯ ಸಂಬಳ ಅವಳದಾಯಿತು. 1882ರ ಕಾಯ್ದೆಯಿಂದ ಅವಳ ಆಸ್ತಿಯೂ ಪೂರ್ತಿ ಅವಳದೆಂದಾಯಿತು. ಆಸ್ಟಿನ್ ಸತ್ತು ಆಗ 65 ವರ್ಷಗಳಾಗಿದ್ದವು.

ಕನ್ನಡಿಯಲ್ಲಿ ತಪ್ಪಾಗಿ ಕಂಡ ಮುಖ

ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ಈ ಲೇಖಕಿಯರಲ್ಲಿ ಕೆಲವರು ಹೆಣ್ಣಿನ ದಾಸ್ಯವನ್ನು ವರ್ಣಿಸಬೇಕಾದಾಗ ತುರ್ಕಿಯ ಜನಾನಾದ ಹೋಲಿಕೆಯನ್ನು ತಂದರು. 'ಜೇನ್ ಐರ್'ನಲ್ಲಿ ಅದಿದೆ. ಸ್ತ್ರೀ ಹಕ್ಕುಗಳ ಕುರಿತು 1792ರಲ್ಲಿ ಬರೆದ ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಕೂಡ ಇಸ್ಲಾಮಿನ ಬಗ್ಗೆ ಅಂದಿನ ಯೂರೋಪಿನ ತಪ್ಪು ತಿಳಿವಳಿಕೆಯನ್ನೇ ಹಂಚಿಕೊಂಡರು. ಆದರೆ ಕಣ್ಣಾರೆ ಕಂಡ ಇಂಗ್ಲಿಷ್ ಲೇಖಕಿಯೊಬ್ಬರು ಬೇರೆಯೇ ಬರೆದಿದ್ದರು. ರಾಯಭಾರಿಯ ಪತ್ನಿಯಾಗಿ 1717-18ರಲ್ಲಿ ತುರ್ಕಿಯಲ್ಲಿದ್ದ ಲೇಡಿ ಮೇರಿ ವರ್ಟ್ಲಿ ಮಾಂಟೆಗ್ಯೂ, ಅಲ್ಲಿನ ಶ್ರೀಮಂತ ಹೆಂಗಸರ ಹಣ ಅವರ ಕೈಯಲ್ಲೇ ಇರುತ್ತದೆ, ವಿಚ್ಛೇದನವಾದರೆ ಅದು ಅವರೊಂದಿಗೇ ಹೋಗುತ್ತದೆ ಎಂದು ಅಚ್ಚರಿಪಟ್ಟರು. ಆ ಪತ್ರಗಳು 1763ರಲ್ಲಿ ಅಚ್ಚಾದವು. ಕೈಸೇರಿ, ಬುರ್ಸಾ ನಗರಗಳ 17ನೆಯ ಶತಮಾನದ ಕಾಜಿ ನ್ಯಾಯಾಲಯದ ದಾಖಲೆಗಳಲ್ಲಿ ಹೆಂಗಸರು ಮನೆ ಜಮೀನು ಕೊಂಡು ಮಾರಿದ, ಗಂಡಂದಿರ ಮೇಲೆ ದಾವೆ ಹೂಡಿದ ಪ್ರಕರಣಗಳು ಧಾರಾಳವಾಗಿ ಸಿಗುತ್ತವೆ.

ಇದರಲ್ಲಿ ವಿಶೇಷವೇನಿಲ್ಲ. ತಂದೆತಾಯಿ ಬಿಟ್ಟುಹೋದದ್ದು ಕಡಿಮೆಯಿರಲಿ ಹೆಚ್ಚಿರಲಿ, ಅದರಲ್ಲಿ ಹೆಣ್ಣಿಗೆ ನಿಗದಿತ ಪಾಲಿದೆ, ಮಹ್ರ್ ಅವಳ ಸ್ವಂತದ್ದು, ಅವಳು ಗಳಿಸಿದ್ದು ಅವಳದು ಎಂಬುದನ್ನು ಪವಿತ್ರ ಕುರ್‌ಆನಿನ 'ಅನ್ನಿಸಾ' ಅಧ್ಯಾಯ ಏಳನೆಯ ಶತಮಾನದಲ್ಲೇ ಸ್ಪಷ್ಟಪಡಿಸಿತ್ತು. ಇಂಗ್ಲೆಂಡ್ 1882ರಲ್ಲಿ ಒಪ್ಪಿದ್ದನ್ನು ಇಸ್ಲಾಮ್ ಎಷ್ಟೋ ಮೊದಲೇ ಕೊಟ್ಟಿತ್ತು ಎಂದು ನಾವು ಸಭೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಹೇಳುವುದು ತಪ್ಪಲ್ಲ. ಆದರೆ ಹೇಳಿದಷ್ಟಕ್ಕೆ ನಮ್ಮ ಹೊಣೆ ಮುಗಿಯಿತೇ?

ಬ್ರಿಟಿಷರ ಕಾಲದ ಭಾರತದಲ್ಲಿ ಪಂಜಾಬಿನಂಥ ಪ್ರಾಂತಗಳ ಮುಸ್ಲಿಮರು ಊರಿನ ರೂಢಿಯನ್ನು ಮುಂದೊಡ್ಡಿ ಹೆಣ್ಣುಮಕ್ಕಳಿಗೆ ಪಾಲು ಕೊಡದೆ ಇದ್ದರು. ಅದನ್ನು ಸರಿಪಡಿಸಲು 1937ರಲ್ಲಿ ಶರೀಅತ್ ಅನ್ವಯ ಕಾಯ್ದೆ ಬಂತು. ಆದರೆ ಅದರಲ್ಲೂ ಕೃಷಿ ಭೂಮಿಯನ್ನು ಹೊರಗಿಟ್ಟರು! ಹಿಂದೂ ಹೆಣ್ಣುಮಕ್ಕಳ ಹಕ್ಕಿನ ದಾರಿಯೂ ಸುಲಭದ್ದಾಗಿರಲಿಲ್ಲ. ಮೈಸೂರು ಸಂಸ್ಥಾನದ 1933ರ ಕಾಯ್ದೆ, 1956ರ ಉತ್ತರಾಧಿಕಾರ ಕಾಯ್ದೆ, ಕರ್ನಾಟಕದಲ್ಲಿ 1994ರಲ್ಲಿ ಜಾರಿಗೆ ಬಂದ ತಿದ್ದುಪಡಿ, ಕೊನೆಗೆ ಇಡೀ ದೇಶಕ್ಕೆ 2005ರ ತಿದ್ದುಪಡಿ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬಂದದ್ದು. ಕಾಗದದ ಮೇಲೆ ಇಂದು ಹಕ್ಕುಗಳಿಗೆ ಕೊರತೆಯಿಲ್ಲ.

ಈ ಕಾದಂಬರಿಗಳಿಗೂ ಅವುಗಳದೇ ಕುರುಡು ಚುಕ್ಕೆಗಳಿವೆ. ಆಸ್ಟಿನ್ನರ 'ಮ್ಯಾನ್ಸ್‌ಫೀಲ್ಡ್ ಪಾರ್ಕ್'ನ ಮನೆ ನಿಂತಿರುವುದು ಆಂಟಿಗುವಾದ ತೋಟದ ಹಣದ ಮೇಲೂ ಹೌದು, ಆ ತೋಟದಲ್ಲಿ ದುಡಿಯುತ್ತಿದ್ದವರು ಗುಲಾಮರು ಎಂಬುದನ್ನು ಎಡ್ವರ್ಡ್ ಸಯೀದ್ 1993ರಲ್ಲಿ ಚರ್ಚೆಗೆ ತಂದರು. 'ಜೇನ್ ಐರ್'ನ ಮಹಡಿಯ ಮೇಲೆ ಬಂದಿಯಾದ, ಜಮೈಕಾದಿಂದ ಬಂದ ಹೆಂಡತಿ ಬರ್ತಾಳಿಗೆ ತನ್ನ ಕಥೆ ಹೇಳುವ ಅವಕಾಶವೇ ಇರಲಿಲ್ಲ. ಅದನ್ನು 1966ರಲ್ಲಿ ಜೀನ್ ರೀಸ್ ಎಂಬ ಕೆರಿಬಿಯನ್ ಮೂಲದ ಲೇಖಕಿ ಬರೆದರು. ಜಗಳವಾಡಲು ಯೋಗ್ಯವಾದ ಪುಸ್ತಕಗಳೇ ಬಾಳುತ್ತವೆ ಎಂಬುದಕ್ಕೆ ಇದೂ ಸಾಕ್ಷಿ.

ನಮ್ಮ ಮನೆಯ ಲೆಕ್ಕ

ಇಂಗ್ಲಿಷಿನಲ್ಲಿ ಬರೆದ ನಮ್ಮವರೂ ಇದ್ದಾರೆ. ಬಂಗಾಳದ ಬೇಗಂ ರುಕಿಯಾ ಸಖಾವತ್ ಹುಸೇನ್ (1880-1932) ಬಾಲ್ಯದಲ್ಲಿ ಅಣ್ಣನಿಂದ ಗುಟ್ಟಾಗಿ ಇಂಗ್ಲಿಷ್ ಕಲಿತು, 1905ರಲ್ಲಿ 'ಸುಲ್ತಾನಾಸ್ ಡ್ರೀಮ್' ಎಂಬ ಕಥೆಯನ್ನು ಮದರಾಸಿನ ಮಹಿಳಾ ಪತ್ರಿಕೆಯಲ್ಲಿ ಪ್ರಕಟಿಸಿದರು. ಗಂಡ ಬಿಟ್ಟುಹೋದ ಹಣವನ್ನು ಹೆಣ್ಣುಮಕ್ಕಳ ಶಾಲೆಗೆ ಹಾಕಿದರು. ಕನ್ನಡದಲ್ಲಿ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' 1981ರಲ್ಲಿ 'ಲಂಕೇಶ್ ಪತ್ರಿಕೆ'ಯಲ್ಲಿ ಬಂದಾಗ ನಾದಿರಾಳ ಕಥೆ ಎಷ್ಟು ಮನೆಗಳಲ್ಲಿ ಮಾತಿಗೆ ಕಾರಣವಾಯಿತು! 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿ ಅವರ ಅನುವಾದದ ಮೂಲಕ, ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಈ ಲೇಖಕಿಯರು ಆಸ್ಟಿನ್ನರ ಶಿಷ್ಯೆಯರೇನಲ್ಲ. ಆದರೆ ಮನೆ ಯಾರದು ಎಂಬ ಪ್ರಶ್ನೆ ಮಾತ್ರ ಅದೇ.

ಆಸ್ಟಿನ್ನರ ಇಂಗ್ಲೆಂಡಿನಲ್ಲಿ ಕಾನೂನು ಹೆಣ್ಣಿಗೆ ವಿರುದ್ಧವಾಗಿತ್ತು. ನಮ್ಮಲ್ಲಿ ಧರ್ಮವೂ ಕಾನೂನೂ ಅವಳ ಪರವಾಗಿವೆ, ರೂಢಿ ಮಾತ್ರ ವಿರುದ್ಧವಾಗಿದೆ. ಮಹ್ರ್ ಕೊಡಬೇಕಾದವರೇ ವರದಕ್ಷಿಣೆಗೆ ಕೈಯೊಡ್ಡುತ್ತಾರೆ. ತಂದೆ ತೀರಿಕೊಂಡ ಮೇಲೆ ಆಸ್ತಿಯ ಮಾತು ಬಂದಾಗ, ಸಹೋದರಿ ಸ್ವಇಚ್ಛೆಯಿಂದ ಬಿಟ್ಟುಕೊಟ್ಟಳು ಎಂಬ ಒಂದು ಸಾಲು ಪತ್ರದಲ್ಲಿ ಸೇರಿಕೊಳ್ಳುತ್ತದೆ. ತವರಿನ ಬಾಗಿಲು ಮುಚ್ಚಿಹೋದೀತೆಂಬ ಹೆದರಿಕೆಯಿಂದ ಹಾಕಿದ ಸಹಿ ಎಷ್ಟರಮಟ್ಟಿಗೆ ಸ್ವಇಚ್ಛೆ? ಮದುವೆಗೆ ಖರ್ಚು ಮಾಡಿದ್ದೇವಲ್ಲ ಎಂದು ನಾವು ಸಮಾಧಾನ ಹೇಳಿಕೊಳ್ಳುತ್ತೇವೆ. ಮದುವೆಯ ಖರ್ಚು ಪಾಲಿಗೆ ಬದಲಾಗಲಾರದು ಎಂದು ನಮಗೆಲ್ಲ ಗೊತ್ತು.

ನಮ್ಮ ಹುಡುಗಿಯರು ಇಂದು ಕಾಲೇಜುಗಳಲ್ಲಿ ಈ ಕಾದಂಬರಿಗಳನ್ನು ಪಠ್ಯವಾಗಿ ಓದುತ್ತಾರೆ, ಪರೀಕ್ಷೆಯಲ್ಲಿ ಉತ್ತರ ಬರೆದು ಅಂಕ ಪಡೆಯುತ್ತಾರೆ. ಬೆನೆಟ್ ಮನೆತನದ ಆಸ್ತಿ ಕಾಲಿನ್ಸ್‌ಗೆ ಹೋದದ್ದು ಅನ್ಯಾಯವೆಂದು ಬರೆದ ಹುಡುಗಿ ಒಂದು ದಿನ ಮನೆಗೆ ಬಂದು, ತನ್ನ ಪಾಲೆಷ್ಟು ಎಂದು ಅಪ್ಪನನ್ನೋ ಅಣ್ಣನನ್ನೋ ಕೇಳಿದರೆ ನಾವು ಸಿಟ್ಟಾಗದೆ ಲೆಕ್ಕ ತೆರೆದಿಡಬೇಕು. ಅದಕ್ಕೆ ನಾವು ಸಿದ್ಧರಿದ್ದೇವೆಯೇ?